ಹೆಸರಿಡದ ಬಂಡೆ

ಗೋಡೆಯಾಚೆ ಟೇಪು ಹರಿದ ಸದ್ದಿಗೆ ಮೈಥಿಲಿಗೆ ಎಚ್ಚರವಾಯಿತು. ನಡುರಾತ್ರಿ ದಾಟಿತ್ತು.

ಸನ್ನಿವೇಲ್‌ನ ಆ ಅಪಾರ್ಟ್‌ಮೆಂಟಿನ ಗೋಡೆಗಳು ತೆಳು. ಪಕ್ಕದ ಮನೆಯ ಅನಿಕೇತ ಶುಕ್ರವಾರ ರಾತ್ರಿ ಬೆರಳಿಗೆ ಸುತ್ತುವ ಬಿಳಿ ಟೇಪನ್ನು ಚರ್ರೆಂದು ಹರಿದಿಟ್ಟುಕೊಳ್ಳುವುದು ಅವಳಿಗೆ ಗೊತ್ತು. ಅದು ಕೇಳಿದರೆ ಮರುದಿನ ಬೆಟ್ಟ. ಆದರೆ ಇವತ್ತಿನ ಸದ್ದು ಉದ್ದವಾಗಿತ್ತು. ರಟ್ಟಿನ ಪೆಟ್ಟಿಗೆಗೆ ಹಚ್ಚುವ ಅಗಲ ಟೇಪು. ಅವಳು ಗೋಡೆಗೆ ಅಂಗೈ ಒತ್ತಿಕೊಂಡು ಮಲಗಿದಳು. ಆಚೆ ಇನ್ನೊಂದು ಪೆಟ್ಟಿಗೆ ಮುಚ್ಚಿತು.

ಅವನ ಟೀಮನ್ನೇ ಕಂಪನಿ ತೆಗೆದುಹಾಕಿತ್ತು. ವೀಸಾದ ಗಡುವು ಮುಗಿಯುತ್ತ ಬಂದಿತ್ತು. ಟೊರಾಂಟೊದಲ್ಲಿ ಕೆಲಸ ಸಿಕ್ಕಿ, ಸೋಮವಾರಕ್ಕೆ ವಿಮಾನದ ಟಿಕೆಟ್ಟೂ ಆಗಿತ್ತು. ಅಷ್ಟರೊಳಗೆ ಒಂದು ಮಾತು ಹೇಳಬೇಕು. ಹೇಳಿದ ಮೇಲೆ ಅವನು ಸಂಕೋಚದಿಂದ ನಕ್ಕುಬಿಟ್ಟರೆ? ಅವನ ಮನಸ್ಸಿನಲ್ಲಿ ಹಾಗೇನೂ ಇಲ್ಲದೇ ಹೋದರೆ? ಮೈಥಿಲಿ ಪ್ರತಿ ಮಾತನ್ನೂ ಹೇಳುವ ಮೊದಲೇ ಅಳೆದು ನೋಡುವವಳು. ಈ ಮಾತು ಯಾವ ಅಳತೆಗೂ ಸಿಗುತ್ತಿರಲಿಲ್ಲ.

ಅವರ ಪರಿಚಯವಾದದ್ದು ಲಿಫ್ಟಿನಲ್ಲಿ. ಅವನ ಬೆನ್ನ ಮೇಲೆ ಮಡಚಿದ ದಪ್ಪ ಹಾಸಿಗೆಯಂಥದ್ದೇನೋ ಇತ್ತು.

"ಮನೆ ಖಾಲಿ ಮಾಡ್ತಿದೀರಾ?" ಎಂದು ಕೇಳಿದ್ದಳು.

"ಇಲ್ರಿ. ಬೀಳಾಕ ಹೊಂಟೀನಿ."

ಅದು ಪ್ಯಾಡು. ಹಗ್ಗವಿಲ್ಲದೆ ಬಂಡೆ ಹತ್ತುವವರು ಕೆಳಗೆ ಹಾಸಿಕೊಳ್ಳುವುದು. ಬಿದ್ದರೆ ತಲೆ ಕಲ್ಲಿಗೆ ಬಡಿಯದಂತೆ ಕೈ ಎತ್ತಿ ನಿಲ್ಲಲು ಇನ್ನೊಬ್ಬರು ಬೇಕು, ಸ್ಪಾಟರ್. "ಸದಾ ಏನಾಗಿಬಿಡತೈತೋ ಅಂತ ನೋಡ್ಕೋತನ ಇರ್ತೀರಲ್ರಿ, ಈ ಕೆಲಸಕ್ಕ ನೀವ ಸರಿ" ಎಂದು ಧಾರವಾಡದ ಅನಿಕೇತ ಅವಳನ್ನು ಕರೆದೊಯ್ದಿದ್ದ. ಸಣ್ಣ ಬಂಡೆಗಳ ಮೇಲೆ ಅವಳಿಗೂ ಹತ್ತಲು ಕಲಿಸಿದ.

ಎಲ್ಲರೂ ಹೋಗುವ ಬಂಡೆಗಳು ಅವನಿಗೆ ಬೇಡ. ಸ್ಯಾಟಲೈಟ್ ಮ್ಯಾಪಿನಲ್ಲಿ ಮರಗಳ ನಡುವೆ ಮಾಸಲು ಚುಕ್ಕೆ ಹುಡುಕಿ, ಲಾಸ್ ಆಲ್ಟೋಸ್ ದಾಟಿ, ಬೆಟ್ಟದ ನೆತ್ತಿಯ ಕಾಡಿನಲ್ಲಿ ದಾರಿಯಿಲ್ಲದ ಕಡೆ ನಡೆಯುತ್ತಿದ್ದ. ಹಾಗೆ ಸಿಕ್ಕಿದ್ದೇ ಅವನು ಪ್ರತಿ ಶನಿವಾರ ಹತ್ತಲು ಹೋಗುತ್ತಿದ್ದ ಬಂಡೆ. ಮರಳುಗಲ್ಲು, ಹಲಸಿನ ತೊಳೆ ಬಿಡಿಸಿದ ಹಾಗೆ ಮೈತುಂಬ ಪೊಳ್ಳು. ಬಂಡೆ ಹತ್ತುವವರ ಯಾವ ಆ್ಯಪಿನಲ್ಲೂ ಇಲ್ಲ. ಮೊದಲು ತುದಿ ಮುಟ್ಟಿದವರು ಹೆಸರಿಡುವುದು ರೂಢಿ.

ಎಲ್ಲಿ ಹಿಡಿಯಬೇಕೆಂದು ಗುರುತಿಗೆ ಬೇರೆಯವರು, ಕೈ ಜಾರದಿರಲು ಹಚ್ಚಿಕೊಳ್ಳುವ ಚಾಕ್ ಪುಡಿಯಲ್ಲಿ ಒಂದು ಗೆರೆ ಎಳೆದರೆ, ಅನಿಕೇತ ಮೂರು ಬೆರಳಲ್ಲಿ ಮೂರು ಗೆರೆ ಅಡ್ಡಕ್ಕೆ ಎಳೆಯುತ್ತಿದ್ದ, ವಿಭೂತಿಯಂತೆ.

"ನಮ್ಮ ಆಯಿ ದಿನಾ ನನ್ನ ಹಣಿಗೆ ಹಚ್ಚತಿದ್ಲು. ಕಲ್ಲಿಗೂ ಹಣಿ ಇರ್ತೈತ್ರಿ" ಎನ್ನುತ್ತಿದ್ದ. ಹೊರಡುವಾಗ ಬ್ರಷ್ಷಿನಿಂದ ಎಲ್ಲ ಗುರುತೂ ಉಜ್ಜಿಬಿಡುತ್ತಿದ್ದ.

ಕೊನೆಯ ಶನಿವಾರ ಮಂಜು ಇಳಿದು ಮರಗಳು ಅರ್ಧಕ್ಕೇ ಮುಗಿದಂತಿದ್ದವು.

"ಸ್ಪಾಟರ್ ಕಲ್ಲು ನೋಡಬಾರ್ದು. ಹತ್ತಾವನ ಬೆನ್ನು ನೋಡಬೇಕು" ಎಂದ ಅವನು, ತಿರುಗದೆಯೇ.

"ಬೆನ್ನನ್ನೇ ನೋಡ್ತಿದ್ದೆ."

ಅವನ ಕಿವಿಯ ಅಂಚು ಕೆಂಪಾಯಿತು. ಮೈಥಿಲಿ ಅದನ್ನೂ ನೋಡಿದಳು.

"ಇವತ್ತಾದ್ರೂ ಹತ್ತಿಬಿಡಿ."

"ಹತ್ತಿದ್ರ ಮುಗೀತಲ್ರಿ. ಮುಂದಿನ ಶನಿವಾರ ಏನ್ ಮಾಡೂದು?"

"ಮುಂದಿನ ಶನಿವಾರ ನೀವೇ ಇರಲ್ಲ."

ಅವನು ಕೈಗೆ ಚಾಕ್ ಹಚ್ಚಿಕೊಂಡು ಹತ್ತಿದ. ತಿಂಗಳುಗಳಿಂದ ಬೀಳುತ್ತಿದ್ದ ಜಾಗದಲ್ಲೇ, ತುದಿಗೆ ಒಂದು ಕೈ ಕೆಳಗೆ, ಬಿದ್ದ. ಬಿದ್ದ ಮೇಲೂ ಅವನ ಮುಖದಲ್ಲಿ, ಎಂದಿನ ಹಾಗೆಯೇ, ಬೇಸರವಿರಲಿಲ್ಲ. ಅವಳು ಅವನ ಬೆನ್ನಿಗೆ ಕೊಟ್ಟ ಅಂಗೈಗಳನ್ನು ತೆಗೆಯುವುದು ಸ್ವಲ್ಪ ತಡವಾಯಿತು. ಅವನೂ ಸರಿಯಲಿಲ್ಲ.

ಈಗ ಹೇಳು, ಎಂದುಕೊಂಡಳು. ಬಾಯಿಂದ ಬಂದದ್ದು ಬೇರೆ. "ಇದಕ್ಕೇನು ಹೆಸರಿಡ್ತೀರಿ?"

"ಮನಸ್ಸಿನ್ಯಾಗ ಇಟ್ಟಾಗೈತಿ. ಹತ್ತಿದ ಮ್ಯಾಲೆ ಹೇಳಬೇಕು."

"ಹತ್ತೋಕಾಗ್ದೆ ಹೋದ್ರೆ?"

"ಬರ್ತೀನ್ರಿ. ಕಲ್ಲು ಕಾಯ್ತೈತಿ."

ನೀವೂ ಕಾಯ್ತೀರಾ ಎಂದು ಅವನು ಕೇಳಲಿಲ್ಲ. ಸೋಮವಾರ ಅವಳ ಬಾಗಿಲಿಗೆ ಪ್ಯಾಡು ಒರಗಿಸಿ, ಅದರ ಮೇಲೆ ಬ್ರಷ್ಷು ಇಟ್ಟು ಹೋದ. ಆ ರಾತ್ರಿಯಿಂದ ಗೋಡೆಯಾಚೆ ಸದ್ದಿಲ್ಲ.

ಚಳಿಗಾಲದೊಡನೆ ಬರುವ ಅಲ್ಲಿನ ಮಳೆಗಾಲ ಕಳೆಯಿತು. ಒದ್ದೆ ಮರಳುಗಲ್ಲು ಹಿಡಿದರೆ ಮುರಿಯುತ್ತದೆ ಎಂದು ಅವನು ಹೇಳಿದ್ದು ನೆನಪಿಟ್ಟು, ಬಂಡೆ ಪೂರ್ತಿ ಒಣಗುವವರೆಗೆ ಕಾದು, ಮೈಥಿಲಿ ಒಬ್ಬಳೇ ಪ್ಯಾಡು ಹೊತ್ತು ಹೋದಳು. ಸುಮ್ಮನೆ ನೋಡಿ ಬರಲು, ಎಂದುಕೊಂಡೇ ಹೋದದ್ದು. ಬಂಡೆಯೆದುರು ನಿಂತಾಗ ಅವನ ಎಡಗೈ ಎಲ್ಲಿರುತ್ತಿತ್ತು, ಬಲಗಾಲು ಎಲ್ಲಿ ಎನ್ನುವುದೆಲ್ಲ ಕಣ್ಣಿಗೆ ಕಟ್ಟಿತು. ಅವನ ಬೆನ್ನನ್ನು ಅಷ್ಟು ದಿನ ನೋಡಿದ್ದಳಲ್ಲ.

ಅರ್ಧಕ್ಕೆ ಹೋದಾಗ ಕೆಳಗೆ ಯಾರೂ ಇಲ್ಲವೆಂಬುದು ಅರಿವಾಯಿತು. ಕೈ ಎತ್ತಿ ನಿಲ್ಲುವವರಿಲ್ಲ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಅವನು ಬೀಳುತ್ತಿದ್ದ ಜಾಗ ದಾಟಿ ಬಲಗೈ ಚಾಚಿದಳು. ಹಿಡಿ ಸಿಕ್ಕಿತು. ಎದೆಮಟ್ಟ ಎಳೆದುಕೊಂಡಾಗ ಮುಖದೆದುರಿಗೇ ಗೂಡಿನಂಥ ಪೊಳ್ಳು, ಮಳೆ ತಾಕದ್ದು, ಕೆಳಗಿನಿಂದ ಕಾಣದ್ದು. ಅದರ ಒಳಗೋಡೆಯ ಮೇಲೆ ಮೂರು ಬಿಳಿ ಗೆರೆ.

ತುದಿಗೆ ಹತ್ತಿ ಕೂತಳು.

ಹಿಂದಿನ ಅಕ್ಟೋಬರಿನಲ್ಲಿ ಅಕ್ಕ ರಮಾಳ ಸೀಮಂತಕ್ಕೆಂದು ಅವಳು ಗಿಲ್‌ರಾಯ್‌ಗೆ ಹೋಗಿದ್ದ ಶನಿವಾರ, ಅದೊಂದೇ ಸಲ, ಅವನು ಒಬ್ಬನೇ ಇಲ್ಲಿಗೆ ಬಂದಿದ್ದ. ಸಂಜೆ ಕೇಳಿದ್ದಕ್ಕೆ, "ಹೋಗಿದ್ದೆ. ಆಗ್ಲಿಲ್ಲ" ಎಂದಿದ್ದ. ಆಮೇಲಿನ ಶನಿವಾರಗಳೆಲ್ಲ, ಹತ್ತಿ ಮುಗಿದ ಬಂಡೆಯಿಂದ ಬೇಕೆಂದೇ ಬಿದ್ದಿದ್ದ, ಅವಳ ಕೈಗಳಿಗೆ. ಎಲ್ಲ ಗುರುತೂ ಉಜ್ಜಿ ಹೋಗುವವನು ಇದೊಂದನ್ನು ಮರೆತನೋ, ಬಿಟ್ಟನೋ.

ಅಳು ಬಂತು. ಹೇಳಬಹುದಾಗಿತ್ತಲ್ಲ. ತಾನೂ ಹೇಳಬಹುದಾಗಿತ್ತು.

ತುದಿಯ ಮೇಲಿನ ತನ್ನ ಕೈಯ ಚಾಕ್ ಗುರುತನ್ನು, ಜೇಬಿನಲ್ಲಿ ತಂದಿದ್ದ ಅವನ ಬ್ರಷ್ಷಿನಿಂದ ಉಜ್ಜಿದಳು. ಮೂರು ಗೆರೆಗಳನ್ನು ಮುಟ್ಟಲಿಲ್ಲ. ಹಿಂಬದಿಯ ಓಕ್ ಮರದ ಕೊಂಬೆಗೆ ಜೋತುಬಿದ್ದು ಇಳಿದಳು. ಕೆಳಗಿನಿಂದ ಎಷ್ಟು ಜಿಗಿದರೂ ಆ ಕೊಂಬೆ ಎಟುಕುವಂಥದ್ದಲ್ಲ; ಅವನು ಮೇಲೆ ಮುಟ್ಟಿದ್ದು ಬಂಡೆ ಹತ್ತಿಯೇ.

ಕಾರಿನ ಹತ್ತಿರ ಬಂದಾಗ ಫೋನು ಹೊಡೆದುಕೊಂಡಿತು. ಅನಿಕೇತ. ಆಚೆ ಬಸ್ಸಿನ ಸದ್ದು.

"ಇಲ್ಲಿ ಇನ್ನೂ ಹಿಮ ಕರಗಿಲ್ರಿ. ಕಲ್ಲ್ ಅಂತೂ ಒಂದೂ ಕಾಣಂಗಿಲ್ಲ. ನೀವು ಹೋಗಿದ್ರೇನು ಆ ಕಡೆ?"

"ಹೋಗಿದ್ದೆ" ಎಂದಳು ಮೈಥಿಲಿ. "ಆಗ್ಲಿಲ್ಲ."

ಆಚೆ ಬಸ್ಸು ನಿಂತು ಮತ್ತೆ ಹೊರಟಿತು.

"ಕಾಯ್ತೈತಲ್ರಿ?" ಎಂದ, ಮೆಲ್ಲಗೆ. ವೀಸಾ ಯಾವಾಗ ಸಿಗುತ್ತದೋ, ಸಿಗುತ್ತದೆಯೋ ಇಲ್ಲವೋ, ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

"ಕಾಯತ್ತೆ."

ಫೋನಿಟ್ಟು ಕಾರಿನ ಗಾಜು ಏರಿಸಿದಳು. ಹೊರಗೆ ಮಂಜು ಮತ್ತೆ ಇಳಿಯತೊಡಗಿತ್ತು. ಹತ್ತಿದ್ದನ್ನು ಹೇಳುವುದಿಲ್ಲ, ಎಂದು ನಿರ್ಧರಿಸಿದಳು. ರಮಕ್ಕನಿಗಿಲ್ಲ, ಬೆಟ್ಟ ಹತ್ತುವ ಗೆಳೆಯರಿಗಿಲ್ಲ. ಅವನೇ ಬಂದು ನಿಂತು ಬಂಡೆಯ ಹೆಸರು ಹೇಳುವವರೆಗೆ, ಅವನಿಗಂತೂ ಇಲ್ಲವೇ ಇಲ್ಲ.