ಕತ್ತರಿಸದ ಕೆಂಪು ರಿಬ್ಬನ್

ಎಮೆಟ್‌ನ ದರ್ಜಿ ಅಂಗಡಿಗೆ ಕಾಲಿಡಬೇಕಾದರೆ ಬಗ್ಗಲೇಬೇಕಿತ್ತು. ಉದ್ಘಾಟನೆಗೆಂದು ಬಾಗಿಲಿಗೆ ಅಡ್ಡ ಕಟ್ಟಿದ ಕೆಂಪು ರಿಬ್ಬನ್ ವಾರವಾದರೂ ಹಾಗೇ ಇತ್ತು. ಎದುರಿನ ಬ್ಯಾಂಕಿನ ಕಿಟಕಿಯಿಂದ ಕೊರಿನ್ ದಿನವೂ ನೋಡುತ್ತಿದ್ದಳು. ಅಲ್ಲಿ ಒಬ್ಬೊಬ್ಬರು ಬಗ್ಗಿದಾಗಲೂ ಇಲ್ಲಿ ಅವಳ ತಲೆ ತಗ್ಗುತ್ತಿತ್ತು.

ಹಾರ್ಲೋ ಕ್ರೀಕ್ ಊರಿನಲ್ಲಿ ಹೊಸ ಅಂಗಡಿ ತೆರೆದರೆ ವ್ಯಾಪಾರಿ ಸಂಘದ ರಾಯಭಾರಿಗಳು ಕೆಂಪು ಕೋಟು ತೊಟ್ಟು, ತೋಳುದ್ದದ ಕತ್ತರಿ ಹೊತ್ತು ಬರಬೇಕು. ರಿಬ್ಬನ್ ಕತ್ತರಿಸಿ ಫೋಟೋಗೆ ನಿಲ್ಲಬೇಕು. ಸಂಬಳವಿಲ್ಲದ ಆ ಸೇವೆಗೆ ಕೊರಿನ್ನೇ ಮುಂದಾಳು. ಬ್ಯಾಂಕಿನ ಕೆಲಸ ಹೊಟ್ಟೆಗೆ, ಈ ಕೋಟು ಮನಸ್ಸಿಗೆ ಅನ್ನುತ್ತಿದ್ದಳು.

"ನನಗೆ ಫೋಟೋ ಗೀಟೋ ಬೇಡ," ಎಂದಿದ್ದ ಎಮೆಟ್. "ನೀವು ಬರೋದಾದ್ರೆ ಮಾತ್ರ ರಿಬ್ಬನ್ ಕಟ್ತೀನಿ."

ಹಾಗೆ ಹೇಳುವಾಗ ಅವನ ಕಣ್ಣು ಕೈಯಲ್ಲಿದ್ದ ಅಳತೆ ಟೇಪಿನ ಮೇಲಲ್ಲ, ಅವಳ ಮೇಲಿತ್ತು. ಅವಳ ಕಿವಿಯವರೆಗೂ ಬಿಸಿಯೇರಿತ್ತು.

ಆದರೆ ಎಮೆಟ್ ಗೊತ್ತುಮಾಡಿದ್ದ ಗುರುವಾರವೇ, ಅದೇ ಹೊತ್ತಿಗೆ, ಊರಾಚೆಯ ಟ್ರ್ಯಾಕ್ಟರ್ ಮಳಿಗೆಯ ಉದ್ಘಾಟನೆಯೂ ಬಂತು. "ದೊಡ್ಡ ಗಿರಾಕಿ ಕಣಮ್ಮ, ಎಲ್ಲರೂ ಅಲ್ಲಿರ್ಬೇಕು," ಎಂದರು ಬ್ಯಾಂಕಿನ ಮ್ಯಾನೇಜರ್. ಕೊರಿನ್ ಕೋಟಿನವರನ್ನೆಲ್ಲ ಕಟ್ಟಿಕೊಂಡು ಅಲ್ಲಿಗೇ ಹೋದಳು. ಇತ್ತ ಎಮೆಟ್ ತಾನೇ ಬೇಯಿಸಿದ ಪೀಚ್ ಹಣ್ಣಿನ ಪೈ ಇಟ್ಟುಕೊಂಡು ಬಾಗಿಲಲ್ಲಿ ಕಾದ. ಸಂಜೆ ಫೋನಿನಲ್ಲಿ ಅವಳು, "ನಿಮ್ಮದು ಶುಕ್ರವಾರ ಅಂದ್ಕೊಂಡಿದ್ದೆ," ಎಂದುಬಿಟ್ಟಳು.

"ಹೋಗ್ಲಿ ಬಿಡಿ. ನೀವು ಬರೋವರೆಗೂ ರಿಬ್ಬನ್ ಹಾಗೇ ಇರುತ್ತೆ," ಎಂದು ಅವನು ನಕ್ಕ. ಬೈದಿದ್ದರೆ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು.

ಇವತ್ತು ಊಟದ ಬಿಡುವಿನಲ್ಲಿ ಕೋಟು ತೊಟ್ಟು, ದೊಡ್ಡ ಕತ್ತರಿ ಹಿಡಿದು, ಬಗ್ಗಿ ಒಳಹೋದಳು.

"ಬಂದ್ರಾ ರಾಯಭಾರಿಗಳು!" ಎಮೆಟ್ ಎದ್ದ. "ಅಲ್ಲೇ ನಿಲ್ಲಿ, ತೋಳಿನ ಗುಂಡಿ ಜೋತು ಬಿದ್ದಿದೆ. ನನ್ನ ಅಂಗಡಿ ಮಾನ ಹೋಗುತ್ತೆ."

ಕೋಟು ಬಿಚ್ಚಲೂ ಬಿಡದೆ ಹೊಲಿಯತೊಡಗಿದ. ಅವನ ಬೆರಳು ಮಣಿಕಟ್ಟಿಗೆ ತಾಗಿದಾಗಲೆಲ್ಲ ಅವಳ ಉಸಿರು ತಪ್ಪುತ್ತಿತ್ತು. ಇಷ್ಟು ಹತ್ತಿರ ನಿಂತು ಆ ಸುಳ್ಳನ್ನು ಹೊರಲು ಅವಳಿಂದಾಗಲಿಲ್ಲ.

"ಎಮೆಟ್, ನಾನು ದಿನ ಮರ್ತಿರಲಿಲ್ಲ. ಗೊತ್ತಿದ್ದೂ ಟ್ರ್ಯಾಕ್ಟರ್ ಮಳಿಗೆಗೆ ಹೋದೆ. ಸಾಹೇಬ್ರಿಗೆ ಇಲ್ಲ ಅನ್ನೋ ಧೈರ್ಯ ಇರ್ಲಿಲ್ಲ."

ಸೂಜಿ ನಿಂತಿತು.

"ನೀವು ಬೇಕಂತ ಹಾಗೆ ಮಾಡೋರಲ್ಲ ಅಂತ ಅರ್ಧ ಊರಿನ ಜೊತೆ ಜಗಳ ಆಡಿದೀನಿ ನಾನು," ಎಂದ ಮೆಲ್ಲಗೆ. ಎರಡು ಹೊಲಿಗೆ ಹಾಕಿ ದಾರ ಕತ್ತರಿಸಿದ. "ಗುಂಡಿ ಆಯ್ತು. ಹೋಗ್ಬನ್ನಿ."

ನಾಚಿಕೆಯಿಂದ ಕುಗ್ಗಿ ಕೊರಿನ್ ಹೊರಬಂದಳು. ಅಷ್ಟರಲ್ಲಿ ಮಂಡಿನೋವಿನ ಮುದುಕಿ ನೆಲ್ಡಾ, ಗಂಡನ ಪ್ಯಾಂಟನ್ನು ಕಂಕುಳಲ್ಲಿಟ್ಟು, ಬಗ್ಗಲಾರದೆ ರಿಬ್ಬನ್ ಮುಂದೆ ನಿಂತಿದ್ದಳು.

"ನಿನ್ನ ಮರೆವಿಗೆ ನನ್ನ ಮಂಡಿ ದಂಡ ಕಟ್ಬೇಕೇನೇ? ಬ್ಯಾಂಕಲ್ಲಿ ಒಂದು ಪೈಸೆ ಮರೆಯಲ್ಲ, ಇಲ್ಲಿ ದಿನವನ್ನೇ ಮರೀತೀಯಾ?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಬ್ಯಾಂಕಿನ ಮೆಟ್ಟಿಲ ಮೇಲೆ ಮ್ಯಾನೇಜರ್ ಕಾಫಿ ಹಿಡಿದು ಇತ್ತಲೇ ನೋಡುತ್ತಿದ್ದರು.

"ಮರೆವಲ್ಲ ನೆಲ್ಡಾ ಅಜ್ಜಿ!" ಬೀದಿಗೆಲ್ಲ ಕೇಳುವಂತೆ ಕೂಗಿದಳು ಕೊರಿನ್. "ಸಾಹೇಬ್ರು ದೊಡ್ಡ ಗಿರಾಕಿ ಅಂದ್ರು, ಬಾಲ ಅಲ್ಲಾಡಿಸ್ಕೊಂಡು ಹೋದೆ. ಮರ್ತೆ ಅಂದಿದ್ದು ಸುಳ್ಳು. ಎಮೆಟ್ ಪಾಪ ನಂಬಿದ್ರು."

ಮ್ಯಾನೇಜರ್ ಸದ್ದಿಲ್ಲದೆ ಒಳಗೆ ಹೋದರು. ನಾಳೆ ಕೊರಿನ್ ಅದಕ್ಕೂ ಬೆಲೆ ತೆರಬೇಕು. ಮುಖ ಕೆಂಡವಾಗಿ, ದೊಡ್ಡ ಕತ್ತರಿಯಲ್ಲಿ ರಿಬ್ಬನ್ ಹಿಡಿದು ಜಗ್ಗಿದಳು. ಅದು ಬರೀ ಫೋಟೋದ ಕತ್ತರಿ, ಮೊಂಡು. ರಿಬ್ಬನ್ ಮುದುಡಿತೇ ಹೊರತು ತುಂಡಾಗಲಿಲ್ಲ. ಅವಳ ಕಣ್ಣು ತುಂಬಿಬಂತು.

ಬಾಗಿಲ ಒಳಗಿನಿಂದ ಇನ್ನೊಂದು ಕತ್ತರಿ ಮುಂದೆ ಬಂತು. ಹಿಡಿ ಸವೆದು ನುಣುಪಾದ, ದರ್ಜಿಯ ಕತ್ತರಿ.

"ಇದನ್ನ ಯಾರ ಕೈಗೂ ಕೊಡಲ್ಲ ನಾನು," ಎಂದ ಎಮೆಟ್. "ಮೊದಲು ಆ ಕೋಟು ತೆಗೀರಿ. ಸಂಘದವರು ಬೇಡ, ನೀವು ಸಾಕು."

ಅವಳು ಕೋಟು ಬಿಚ್ಚಿ ನೆಲ್ಡಾಳ ಕೈಗಿತ್ತಳು. ಎಮೆಟ್‌ನ ಕತ್ತರಿಯ ಒಂದೇ ಏಟಿಗೆ ರಿಬ್ಬನ್ ಎರಡಾಯಿತು. ಫೋಟೋ ಇರಲಿಲ್ಲ. ನೆಲ್ಡಾ ಒಬ್ಬಳೇ ಚಪ್ಪಾಳೆ ತಟ್ಟಿ, "ಇನ್ನೂ ಏನೇನಿದೆಯೋ ಹೇಳ್ಕೊಂಬಿಡಿ, ನನಗೆ ಕಿವಿ ಸರಿಯಾಗಿ ಕೇಳಲ್ಲ," ಎನ್ನುತ್ತ ಒಳನುಗ್ಗಿದಳು.

"ನೀವಂದ್ರೆ ನನಗೆ ತುಂಬಾ ಇಷ್ಟ," ಎಂದಳು ಕೊರಿನ್ ನೆಲ ನೋಡುತ್ತ. "ಅದಕ್ಕೇ ಹೆಚ್ಚು ನಾಚಿಕೆ."

"ನನಗೂ ಇಷ್ಟ. ಅದಕ್ಕೇ ಹೆಚ್ಚು ಕೋಪ." ಎಮೆಟ್ ಬಾಗಿಲು ಅಗಲ ಮಾಡಿದ. "ಕೋಪ ಇಳಿಯೋಕೆ ಸ್ವಲ್ಪ ದಿನ ಬೇಕು. ಅಲ್ಲೀವರೆಗೆ ದಿನಾ ಬನ್ನಿ. ಬರೋವಾಗ ಮಾತ್ರ ಬಗ್ಗಬೇಡಿ."

ಕೊರಿನ್ ತಲೆಯೆತ್ತಿ ಒಳಗೆ ನಡೆದಳು.