ಸಾರ್ಜೆಂಟ್‌ನ ಗೂಡು

"ಏಯ್, ಬಾಗಿಲು ತೆಗೀಬೇಡ!"

ಮಿಸ್ಟರ್ ಬೆವಿಕ್ ಕೂಗುವಷ್ಟರಲ್ಲಿ ಡೆಮಿ ಗೂಡಿನ ಚಿಲಕ ಎಳೆದಾಗಿತ್ತು.

ಒಳಗೆ ಸಾರ್ಜೆಂಟ್ ಎಂಬ ದಪ್ಪ ಗಂಡು ಫೆರೆಟ್ಟು ಅವಳ ಹೆಣ್ಣು ಫೆರೆಟ್ಟು ಟಾಫಿಯ ಹಿಂಗತ್ತನ್ನು ಹಲ್ಲಿನಲ್ಲಿ ಹಿಡಿದು, ನೆಲ ಒರೆಸುವ ಬಟ್ಟೆಯನ್ನು ಎಳೆದಾಡಿದ ಹಾಗೆ ಎಳೆದಾಡುತ್ತಿದ್ದ. ಟಾಫಿ ಕೀರಲು ದನಿಯಲ್ಲಿ ಅರಚುತ್ತಿದ್ದಳು.

ಅವಳು ಎರಡೂ ಕೈ ಒಳಗೆ ಹಾಕಿದಳು. ಸಾರ್ಜೆಂಟ್ ಗಾಬರಿಯಾಗಿ ಹಿಡಿತ ಬಿಟ್ಟ. ಅವನ ಉಗುರು ತಾಗಿ ಡೆಮಿಯ ಹೆಬ್ಬೆರಳು ಗೀರಿಹೋಯಿತು. ಟಾಫಿಯನ್ನು ಹುಲ್ಲು ಹಾಸಿದ ಪೆಟ್ಟಿಗೆಗೆ ತುರುಕಿ, ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡಳು.

"ಅವನು ಕೊಲ್ತಾ ಇಲ್ಲ ಕಣೇ ಹುಡುಗಿ! ಅವು ಇರೋದೇ ಹಾಗೆ!"

"ಕೊಲ್ತಾ ಇದ್ದ! ನಾನೇ ನೋಡಿದೆ!"

"ಏನು ನೋಡ್ದೆ? ಐದು ನಿಮಿಷ ಕೂಡ ನೆಟ್ಟಗೆ ನಿಲ್ಲಲಿಲ್ಲ. ವಿಲ್ಫ್‌ನ ಮೊಮ್ಮಗಳೇ ಸರಿ ನೀನು!"

ಡೆಮಿ ಅಷ್ಟರಲ್ಲಿ ಗೇಟು ದಾಟಿ ಓಡುತ್ತಿದ್ದಳು.

ಡರ್ಹಮ್ ಕಡೆಯ ಆ ಊರಿನಲ್ಲಿ ಫೆರೆಟ್ಟು ಸಾಕದ ಬೀದಿಯಿಲ್ಲ. ಮುಂಗುಸಿಯಂಥ ಉದ್ದ ಮೈ, ಗಿಡ್ಡ ಕಾಲು. ಮೊಲದ ಬಿಲಕ್ಕೆ ಬಿಟ್ಟರೆ ಒಳಗಿನ ಮೊಲವನ್ನು ಹೊರಗಟ್ಟಿ ಬರುತ್ತವೆ. ಒಂದು ಕಾಲದಲ್ಲಿ ಊರಿಗೆಲ್ಲ ಕಲ್ಲಿದ್ದಲ ಗಣಿಯೇ ಅನ್ನ. ಗಣಿಗೆ ಬೀಗ ಹಾಕಿದವರು ಹಿಂತಿರುಗಿಯೂ ನೋಡಲಿಲ್ಲ. ಆ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆಯ ಮೇಲೆ ಮಾಂಸ ಬೆಂದದ್ದು ಈ ಗೇಣುದ್ದದ ಪ್ರಾಣಿಗಳ ದಯೆಯಿಂದ.

ಡೆಮಿಯ ತಾತ ವಿಲ್ಫ್‌ನ ಹತ್ತಿರ ಮೂರಿದ್ದವು. ಡಸ್ಟಿ, ಜ್ಯಾಕೊ ಎಂಬ ಎರಡು ಗಂಡು, ಅವುಗಳ ತಂಗಿ ಟಾಫಿ. ಚಳಿಗಾಲವೆಲ್ಲ ಮೂರೂ ಒಂದೇ ಗೂಡಿನಲ್ಲಿ, ಒಂದರ ಮೇಲೊಂದು ಬಿದ್ದು ಮಲಗುತ್ತವೆ. ಯಾವ ಬಾಲ ಯಾರದೆಂದು ಗೊತ್ತಾಗುವುದಿಲ್ಲ. ಮಾರ್ಚ್ ಬಂತೆಂದರೆ ಮುಗಿಯಿತು. ಗಂಡುಗಳ ಮೈಯಿಂದ ಬೀದಿಯ ಕೊನೆಯವರೆಗೆ ವಾಸನೆ ಹೊಡೆಯುತ್ತದೆ, ನಿನ್ನೆಯವರೆಗೆ ತಬ್ಬಿ ಮಲಗಿದ್ದ ಅಣ್ಣತಮ್ಮಂದಿರು ಕಿವಿ ಹರಿಯುವಂತೆ ಕಾದಾಡುತ್ತಾರೆ. ಅದಕ್ಕೇ ತಾತ ಡಸ್ಟಿಯನ್ನು ಹಿತ್ತಲಿನ ಆ ತುದಿಗೆ, ಜ್ಯಾಕೊನನ್ನು ಈ ತುದಿಗೆ ಹಾಕಿ, ಒಂದರ ಮುಖ ಒಂದಕ್ಕೆ ಕಾಣದಂತೆ ನಡುವೆ ಹಲಗೆ ನಿಲ್ಲಿಸುತ್ತಿದ್ದ. ಟಾಫಿಗೆ ಅಡುಗೆಮನೆಯ ಕಿಟಕಿಯ ಕೆಳಗೆ ಬೇರೆ ಗೂಡು.

ಈ ಸಲದ ತೊಂದರೆ ಟಾಫಿಯದು. ಹಸುವಿನ ಬೆದೆ, ನಾಯಿಯ ಬೆದೆ ತಾನಾಗಿಯೇ ಇಳಿಯುತ್ತದೆ. ಹೆಣ್ಣು ಫೆರೆಟ್ಟಿನದು ಹಾಗಲ್ಲ. ಗಂಡಿನ ಜೊತೆ ಸೇರುವವರೆಗೂ ಬೆದೆ ಇಳಿಯುವುದಿಲ್ಲ. ವಾರಗಟ್ಟಲೆ ಹಾಗೇ ಉಳಿದರೆ ಒಳಗೊಳಗೇ ರಕ್ತ ಕೆಟ್ಟು ಪ್ರಾಣಿ ಸತ್ತೇಹೋಗುತ್ತದೆ. ಟಾಫಿಗೆ ಆಗಲೇ ಐದನೇ ವಾರ. ಬಾಲದ ಬುಡದಲ್ಲಿ ಕೂದಲು ತೆಳುವಾಗಿತ್ತು. ಬೆದೆ ಇಳಿಸುವ ಇಂಜೆಕ್ಷನ್ ಉಂಟು. ಆದರೆ ಪ್ರಾಣಿ ಡಾಕ್ಟರಮ್ಮನ ಹತ್ತಿರ ಅದು ಮುಗಿದಿತ್ತು, ಮುಂದಿನ ತಿಂಗಳು ಬರುತ್ತದಂತೆ. ಸ್ವಂತ ಅಣ್ಣಂದಿರ ಜೊತೆ ಬಿಡುವ ಹಾಗಿಲ್ಲ.

ಉಳಿದದ್ದು ಸಾರ್ಜೆಂಟ್. ಆಪರೇಷನ್ ಆದ ಗಂಡು ಅವನು. ಅವನ ಜೊತೆ ಬಿಟ್ಟರೆ ಹೆಣ್ಣಿನ ಬೆದೆ ಇಳಿಯುತ್ತದೆ, ಮರಿಯಾಗುವುದಿಲ್ಲ. ಇಡೀ ಊರಿಗೆ ಅಂಥವನು ಅವನೊಬ್ಬನೇ. ಪ್ರತಿ ವಸಂತದಲ್ಲೂ ಜನ ತಮ್ಮ ಹೆಣ್ಣನ್ನು ಪೆಟ್ಟಿಗೆಯಲ್ಲಿ ಹೊತ್ತು ಬೆವಿಕ್‌ನ ತೋಟಕ್ಕೆ ಹೋಗುತ್ತಾರೆ. ಹೆಣ್ಣೇ ಗಂಡಿನ ಗೂಡಿಗೆ ಹೋಗಬೇಕು, ಅದು ಪದ್ಧತಿ.

ಎಲ್ಲರೂ ಹೋಗುತ್ತಾರೆ, ತಾತ ಒಬ್ಬನನ್ನು ಬಿಟ್ಟು. ನಾಲ್ಕು ವರ್ಷದ ಹಿಂದೆ ಊರಿನ ಫೆರೆಟ್ ಸ್ಪರ್ಧೆಯಲ್ಲಿ ಬೆವಿಕ್ ಜಡ್ಜ್ ಆಗಿದ್ದ. ತಾತನ ಡಸ್ಟಿಗೆ ವಾಸನೆ ಜಾಸ್ತಿ ಎಂದು ಮೂರನೇ ಬಹುಮಾನ ಕೊಟ್ಟ. "ಫೆರೆಟ್ಟು ಮತ್ತೇನು ಗುಲಾಬಿ ಹೂವಿನ ಹಾಗಿರತ್ತೇನೋ, ಕುರುಡಾ?" ಎಂದು ತಾತ ಜನರ ನಡುವೆಯೇ ಕೂಗಿದ. ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ದೊಡ್ಡವರ ಜಗಳದ ಕಾರಣ ಕೇಳಬಾರದು, ಕೇಳಿದರೆ ನಗು ಬರುತ್ತದೆ.

ಅದಕ್ಕೇ ಡೆಮಿ ಶಾಲೆ ಬಿಟ್ಟವಳೇ ಯಾರಿಗೂ ಹೇಳದೆ ಟಾಫಿಯನ್ನು ಹೊತ್ತು ಹೋಗಿದ್ದು.

ಈಗ ಅವಳು ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ತಾತ ಟೀ ಲೋಟ ಕೆಳಗಿಟ್ಟ.

"ಎಷ್ಟು ಹೊತ್ತು ಒಳಗಿದ್ಲು?"

"ಐದು ನಿಮಿಷ. ತಕ್ಷಣ ಬಿಡಿಸ್ಕೊಂಡೆ. ಅವಳಿಗೆ ಏನೂ ಆಗಿಲ್ಲ ತಾತ."

"ಹೌದು, ಏನೂ ಆಗಿಲ್ಲ," ಎಂದ ತಾತ. "ಅದೇ ತೊಂದ್ರೆ ಆಗಿರೋದು."

ಅವನು ಟಾಫಿಯ ಹಿಂಗತ್ತಿನ ಕೂದಲು ಬಿಡಿಸಿದ. "ಎಲ್ಲಿದೆ ಗಾಯ, ತೋರ್ಸು."

ಗಾಯ ಇರಲಿಲ್ಲ. ಕೂದಲು ಎಂಜಲಿನಿಂದ ಒದ್ದೆಯಾಗಿತ್ತು, ಚರ್ಮ ದಪ್ಪ ರಬ್ಬರಿನಂತಿತ್ತು.

"ಅಷ್ಟು ಜೋರಾಗಿ ಕಿರುಚ್ತಾ ಇದ್ಲಲ್ಲ ಮತ್ತೆ?"

"ಕಿರುಚ್ತಾರೆ ಮಗಾ. ಒಂದು ಗಂಟೆ, ಎರಡು ಗಂಟೆ." ತಾತ ಅವಳ ಮುಖ ನೋಡಲಿಲ್ಲ. ಟಾಫಿಯ ತುಟಿ ಎತ್ತಿ ವಸಡು ನೋಡಿದ. ಹೋದ ವಾರ ಗುಲಾಬಿ ಬಣ್ಣಕ್ಕಿದ್ದದ್ದು ಈಗ ಹಿಟ್ಟು ಮೆತ್ತಿದಂತಿತ್ತು. ತುಟಿ ಮೆಲ್ಲಗೆ ಮುಚ್ಚಿದ.

ಮರುದಿನ ಶನಿವಾರ. ಡೆಮಿ ಆರು ಮೊಟ್ಟೆ ಹಿಡಿದುಕೊಂಡು ಬೆವಿಕ್‌ನ ಗೇಟು ದಾಟಿ ಒಳಗೆ ನಿಂತಳು. ಮೊದಲ ಸಲ ಕೇಳುವುದಕ್ಕಿಂತ ಎರಡನೇ ಸಲ ಕೇಳುವುದು ಕಷ್ಟ.

"ಸಾರಿ, ಮಿಸ್ಟರ್ ಬೆವಿಕ್. ಇನ್ನೊಂದು ಸಲ ಕರ್ಕೊಂಡು ಬರ್ಲಾ?"

ಅವನು ಅವಳ ಹೆಬ್ಬೆರಳಿನ ಪ್ಲಾಸ್ಟರ್ ನೋಡಿದ. "ಸಾರ್ಜೆಂಟ್ ಕಚ್ಚಿದ್ದಿದ್ರೆ ಮೂಳೆವರೆಗೂ ಹೋಗ್ತಿತ್ತು, ಗೊತ್ತಾ? ಒಬ್ಬಳೇ ಬಂದ್ರೆ ಆಗಲ್ಲ. ದೊಡ್ಡವರನ್ನ ಕರ್ಕೊಂಡು ಬಾ."

"ಅಮ್ಮನಿಗೆ ಡ್ಯೂಟಿ ಇದೆ. ತಾತ ಬರಲ್ಲ."

"ಬರ್ದೇ ಇದ್ರೆ ಬೇಡ. ನಾನೇನು ಆರತಕ್ಷತೆಗೆ ಕರೀತಿಲ್ಲ."

ಡೆಮಿ ಮೊಟ್ಟೆಗಳನ್ನು ಗೇಟಿನ ಬಳಿ ಇಟ್ಟು ಮನೆಗೆ ಬಂದಳು.

"ಆ ಕುರುಡನ ಗೇಟು ನಾನು ದಾಟಲ್ಲ," ಎಂದ ತಾತ, ಅವಳು ಬಾಯಿ ಬಿಡುವ ಮೊದಲೇ.

ಡೆಮಿಗೆ ಸಿಟ್ಟು ಬಂತು. ಅಳು ಬರುವ ಹಾಗಿನ ಸಿಟ್ಟಲ್ಲ, ತಣ್ಣನೆಯ ಸಿಟ್ಟು. ಹಿತ್ತಲಿಗೆ ಹೋಗಿ ಟಾಫಿಯನ್ನು ಎತ್ತಿ ತಂದು ತಾತನ ತೊಡೆಯ ಮೇಲಿಟ್ಟಳು. ಬೇರೆ ದಿನವಾಗಿದ್ದರೆ ಟಾಫಿ ಅವನ ಅಂಗಿಯ ತೋಳಿನೊಳಗೆ ನುಗ್ಗಿ ಕಾಲರಿನಿಂದ ಹೊರಬರುತ್ತಿದ್ದಳು. ಇಂದು ಇಟ್ಟಲ್ಲೇ ಮಲಗಿದಳು.

"ನಾನು ಎರಡು ಸಲ ದಾಟಿದೆ," ಎಂದಳು ಡೆಮಿ.

ತಾತ ಟಾಫಿಯ ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ಗೋಡೆಯ ಮೊಳೆಯಿಂದ ಟೋಪಿ ತೆಗೆದುಕೊಂಡ.

ಬೆವಿಕ್ ಸಾರ್ಜೆಂಟ್‌ನ ಗೂಡಿಗೆ ಹೊಸ ಹುಲ್ಲು ಹಾಕುತ್ತಿದ್ದ. ತಲೆ ಎತ್ತಿದ.

"ವಿಲ್ಫ್."

"ನಾರ್ಮನ್."

ನಾಲ್ಕು ವರ್ಷದ ಮೇಲೆ ಇಷ್ಟು ಮಾತು.

"ಆ ಮೂರನೇ ಬಹುಮಾನ ಹೇಗಿದ್ದಾನೆ?" ಎಂದ ಬೆವಿಕ್.

"ಇನ್ನೂ ವಾಸನೆ ಹೊಡೀತಾನೆ. ನಿನ್ನ ಈ ಗೂಡಿನಷ್ಟೇನಿಲ್ಲ."

ಬೆವಿಕ್ ಮೂಗಿನಿಂದ ಸದ್ದು ಮಾಡಿದ. ಅದು ನಗುವೋ ಸಿಟ್ಟೋ ಗೊತ್ತಾಗಲಿಲ್ಲ. ಟಾಫಿಯನ್ನು ಕೈಗೆ ತೆಗೆದುಕೊಂಡು ತುಟಿ ಎತ್ತಿ ನೋಡಿದ, ಬಾಲ ಸವರಿ ನೋಡಿದ. "ತಡ ಆಗಿದೆ," ಎಂದ. ಡೆಮಿಯ ಮುಖ ನೋಡಿ, "ತೀರಾ ತಡ ಆಗಿಲ್ಲ ಬಿಡು. ಬೆದೆ ಇಳಿದ್ರೆ ಬಣ್ಣ ವಾಪಸ್ ಬರತ್ತೆ," ಎಂದು ಸೇರಿಸಿದ.

ಟಾಫಿ ಒಳಗೆ ಹೋದಳು. ಚಿಲಕ ಬಿತ್ತು.

ಮೊದಲು ಹುಲ್ಲಿನ ಸರಪರ. ಆಮೇಲೆ ಅದೇ ಅರಚಾಟ. ಡೆಮಿ ಮರದ ಡಬ್ಬದ ಮೇಲೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. ಕೈಗಳು ಎದ್ದು ಚಿಲಕದ ಕಡೆ ಹೋಗಲು ನೋಡುತ್ತಿದ್ದವು.

ಈ ಸಲ ಅವಳು ಜಾಲರಿಯ ಮೂಲಕ ನೆಟ್ಟಗೆ ನೋಡಿದಳು. ಸಾರ್ಜೆಂಟ್ ಎಳೆದಾಗ ಟಾಫಿ, ಅಮ್ಮನ ಬಾಯಲ್ಲಿನ ಮರಿಯಂತೆ, ಮೈ ಸಡಿಲ ಬಿಟ್ಟಳು. ಅವಳ ಕಾಲು ಒದೆಯುತ್ತಿರಲಿಲ್ಲ. ಬಾಯಿ ಮಾತ್ರ ಅರಚುತ್ತಿತ್ತು.

"ತಾತ, ಇಲ್ನೋಡು..." ಎಂದು ತಿರುಗಿದಳು.

ತಾತ ಅಲ್ಲಿರಲಿಲ್ಲ.

ತೋಟದ ಆ ಕೊನೆಯಲ್ಲಿ, ಬೆನ್ನು ತಿರುಗಿಸಿ ನಿಂತಿದ್ದ. ಬೋರಲು ಹಾಕಿದ ಒಂದು ಹಳೆಯ ಬಕೆಟ್ಟನ್ನು ಜಗತ್ತಿನ ಎಂಟನೇ ಅದ್ಭುತದಂತೆ ದಿಟ್ಟಿಸುತ್ತಿದ್ದ. ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಿದ್ದ. ಟಾಫಿ ಅರಚಿದಾಗಲೆಲ್ಲ ಅವನ ಹೆಗಲು ಒಂದಿಷ್ಟು ಮೇಲೇರುತ್ತಿತ್ತು.

ಡೆಮಿ ಸ್ವಲ್ಪ ಹೊತ್ತು ಆ ಹೆಗಲನ್ನೇ ನೋಡಿದಳು. ಅರವತ್ತು ವರ್ಷ ಫೆರೆಟ್ಟು ಸಾಕಿದ ತಾತ.

ಅವಳು ಎದ್ದು, ತರಕಾರಿ ಸಾಲುಗಳ ನಡುವೆ ನಡೆದು, ಅವನ ಪಕ್ಕ ನಿಂತಳು.

"ತಾತ, ಈ ಬಕೆಟ್ ಯಾಕೆ ಬೋರಲು ಹಾಕಿದ್ದಾರೆ?"

ಅವಳಿಗೆ ಗೊತ್ತಿತ್ತು. ಅವರ ಹಿತ್ತಲಲ್ಲೂ ಅಂಥದ್ದೇ ಒಂದಿತ್ತು.

"ಅದಾ?" ತಾತ ಬಕೆಟ್ಟಿನ ಕಡೆ ಬಗ್ಗಿದ. "ಒಳಗೆ ರೂಬಾರ್ಬ್ ಗಿಡ ಇದೆ. ಕತ್ತಲಲ್ಲಿ ಬೆಳೆದ್ರೆ ದಂಟು ಎಳೇದಾಗಿರತ್ತೆ, ಹುಳಿ ಕಡಿಮೆ. ಆದ್ರೆ ಇಷ್ಟೊತ್ತಿಗೆ ಬಕೆಟ್ ತೆಗೀಬೇಕಿತ್ತು. ಈ ಮನುಷ್ಯನಿಗೆ ಅದೂ ಗೊತ್ತಿಲ್ಲ."

"ಕೇಳಿಸ್ತು ನಂಗೆ!" ಬೆವಿಕ್ ಗೂಡಿನ ಬಳಿಯಿಂದ ಕೂಗಿದ. "ಇನ್ನೂ ಒಂದು ವಾರ ಇರ್ಬೇಕು!"

"ಒಂದು ವಾರ! ಸೌದೆ ಥರ ಆಗತ್ತೆ!"

ಗೂಡಿನಿಂದ ಅರಚಾಟ ಮತ್ತೆ ಜೋರಾಯಿತು. ತಾತನ ಮಾತು ಅರ್ಧಕ್ಕೆ ನಿಂತಿತು.

"ಗೊಬ್ಬರ ಯಾವಾಗ ಹಾಕ್ಬೇಕು ತಾತ?" ಡೆಮಿ ದನಿ ಎತ್ತರಿಸಿ ಕೇಳಿದಳು. "ಕುದುರೆದಾ, ಕೋಳಿದಾ?"