ಬುಧವಾರದ ಕತ್ತಿ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಟಗೇರಿಯ ಮಗ್ಗಗಳು ಸದ್ದು ಮಾಡುವುದಕ್ಕೆ ಮುಂಚಿನ ನಸುಕಿನ ಹೊತ್ತು. ನೀಲಪ್ಪ ಹಡಪದನ ಮುಂಗೈಗೆ ಸುತ್ತಿದ್ದ ಧೃತಿಪಟ್ಟಿ ಮೊದಲ ಸಲ ಬೆಚ್ಚಗಾಯಿತು. ಅದರೊಳಗಿನ ಹೆಣ್ಣುದನಿ, "ಇವತ್ತು ಮುಚ್ಚಿದ ಕ್ಷೌರದ ಕತ್ತಿಯನ್ನು ಅಂಗೈಯಲ್ಲಿ ಹಿಡಿಯಿರಿ, ಬಿಚ್ಚುವುದು ಬೇಡ," ಎಂದಿತು. ನೀಲಪ್ಪ ಹಿಡಿದ. ಪಟ್ಟಿಯ ಮೇಲೆ ಸಾಸಿವೆ ಕಾಳಿನಷ್ಟು ಬೆಳಕಿನ ಮಣಿಯೊಂದು ಹೊತ್ತಿಕೊಂಡಿತು.

ಹೆಂಡತಿ ಗುರುಸಿದ್ಧವ್ವ ಒಲೆಯ ಮುಂದಿನಿಂದಲೇ ನೋಡಿದಳು. "ಹಡಪದರ ಮನ್ಯಾಗ ಕತ್ತಿ ಹಿಡ್ಯಾಕ ಯಂತ್ರ ಹೇಳಿಕೊಡಬೇಕಾತು," ಅಂದಳು.

ಹಿಂದಿನ ಬೇಸಿಗೆಯಲ್ಲಿ ಒಂದು ಕೂಸಿನ ಜವಳ ತೆಗೆಯುವಾಗ ಅದು ಒಮ್ಮೆಲೆ ಕತ್ತು ಹೊರಳಿಸಿ, ಕಿವಿಯ ಮೇಲೆ ಕತ್ತಿ ತಾಗಿತ್ತು. ಗಾಯ ದೊಡ್ಡದಲ್ಲ, ನಾಲ್ಕು ದಿನಕ್ಕೆ ಮಾಯಿತು. ಕೂಸಿನ ಮನೆಯವರೂ ಬೈಯಲಿಲ್ಲ. ಆದರೆ ಅವತ್ತಿನಿಂದ ಕತ್ತಿ ಬಿಚ್ಚಿದರೆ ನೀಲಪ್ಪನ ಕೈ ಎಲೆಯಂತೆ ಅಲ್ಲಾಡುತ್ತಿತ್ತು. ಅಂಗಡಿಯಲ್ಲಿ ಕುರ್ಚಿಯ ಹಿಂದೆ ಮಗ ಈರಣ್ಣ ನಿಂತ. ಅಪ್ಪ ಕೂದಲು ಗುಡಿಸಿದ.

ಪಟ್ಟಿ ಕಟ್ಟಿದವರು ಡಾಕ್ಟರ್ ಶ್ರೀಕರ ಇನಾಮದಾರ. ಅದನ್ನು ಕಂಡುಹಿಡಿದವರಲ್ಲಿ ಅವರೂ ಒಬ್ಬರು. ಪ್ರಯೋಗಕ್ಕೆಂದು ಬಂದು ಎದುರು ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದರು.

"ಧೈರ್ಯ ಎದಿಯೊಳಗ ಇರೋದಲ್ಲ ನೀಲಪ್ಪನವರ," ಎಂದು ತಿಳಿಸಿ ಹೇಳಿದ್ದರು. "ನರಗಳೊಳಗ ಅದಕ್ಕೊಂದು ಕಾಲುದಾರಿ ಇರತದ. ದಿನಾ ಒಂದೀಟು ನಡದ್ರ ಸವದು ಹಾದಿ ಆಗತದ."

"ಒಂದ ದಿನ ನಡೀಲಿಲ್ಲಂದ್ರರಿ?"

"ಹುಲ್ಲು ಬೆಳೀತದ."

ಧೃತಿಪಟ್ಟಿಯ ಒಳಮೈಯಲ್ಲಿ ಸ್ಪಂದಗ್ರಾಹಿ ಎಂಬ ತೆಳು ಹಾಳೆಯಿತ್ತು. ನಾಡಿಯ ಬಡಿತ, ನರಗಳ ನಡುಕ, ಬೆವರಿನ ಉಪ್ಪು ಎಲ್ಲವನ್ನೂ ಅದು ಓದಿ, ಉಪಗ್ರಹದ ಮೂಲಕ ದೂರದ ಮೂಲಕೇಂದ್ರಕ್ಕೆ ಕಳಿಸುತ್ತಿತ್ತು. ಮರುದಿನ ಈ ಮನುಷ್ಯನಿಗೆ ಹೆದರಿಕೆಯಾಗದಷ್ಟು ಸಣ್ಣ ಕೆಲಸ ಯಾವುದೆಂದು ಕೇಂದ್ರ ಲೆಕ್ಕ ಹಾಕಿ ನಸುಕಿಗೆ ತಿಳಿಸುತ್ತಿತ್ತು. ಮಾಡಿದರೆ ಮಣಿ ಹೊತ್ತುವುದು. ಮಣಿಗಳ ಸಾಲಿಗೆ ಅಭಂಗಸರಣಿ ಎಂದು ಹೆಸರು. ಒಂದು ದಿನ ತಪ್ಪಿದರೂ ಮಣಿಗಳೆಲ್ಲ ಆರಿ ಮತ್ತೆ ಮೊದಲ ಮೆಟ್ಟಿಲು. ಬಸ್ಸು ಓಡಿಸುವವರು, ಪಾಠ ಹೇಳುವವರು, ಸೊಸೆಯಂದಿರು, ಪುಢಾರಿಗಳು, ನಾಡಿನ ಅರ್ಧ ಜನರ ಕೈಯಲ್ಲಿ ಆಗ ಅದು ಮಿನುಗುತ್ತಿತ್ತು. ಶ್ರೀಕರರ ಸರಣಿಯಂತೂ ಮುಂಗೈ ಸುತ್ತಿ ಮೊಳಕೈವರೆಗೆ ಏರಿತ್ತು.

ತೊಡಕು ಬಂದದ್ದು ಮಂಗಳವಾರ. ಆ ದಿನ ಹಡಪದರ ಅಂಗಡಿ ತೆರೆಯುವುದಿಲ್ಲ, ಕತ್ತಿ ಮುಟ್ಟುವುದಿಲ್ಲ. ಪಟ್ಟಿ ತನ್ನ ಪಾಡಿಗೆ ಅವತ್ತಿನ ಕೆಲಸ ಹೇಳಿತು. ನೀಲಪ್ಪ ಅದಕ್ಕೆ, "ಇವತ್ತ ಮಂಗಳಾರ ಐತೆವ್ವಾ," ಅಂದ. ಬುಧವಾರ ಎದ್ದು ನೋಡಿದರೆ ಮುಂಗೈ ಕತ್ತಲೆ.

"ಸುಮ್ಮನ ಒಮ್ಮೆ ಹಿಡದು ಇಟ್ಟುಬಿಡ್ರಲಾ," ಅಂದರು ಶ್ರೀಕರ. "ಯಾರು ನೋಡ್ತಾರ?"

"ಕತ್ತಿ ನೋಡತೈತಲ್ರಿ."

ಶ್ರೀಕರರು ಕೇಂದ್ರಕ್ಕೆ ಬರೆದರು. ನಿಯಮಕ್ಕೆ ವಿನಾಯಿತಿ ಇಲ್ಲ, ಇಂಥವರನ್ನು ಫಲವಿಲ್ಲದವರ ಗುಂಪಿಗೆ ಸೇರಿಸಿ ಎಂದು ಉತ್ತರ ಬಂತು. ಅಮಾವಾಸ್ಯೆಗೆ ಮಗ್ಗ ಮುಟ್ಟದ ನೇಕಾರರನ್ನು, ಸೋಮವಾರ ಎತ್ತಿನ ಕೊರಳಿಗೆ ನೊಗ ಇಡದ ಒಕ್ಕಲಿಗರನ್ನು ಮೊದಲೇ ಆ ಗುಂಪಿಗೆ ತಳ್ಳಿಯಾಗಿತ್ತು.

ಹೀಗೆ ವಾರಗಳು ಉರುಳಿದವು. ಮುಚ್ಚಿದ ಕತ್ತಿ ಹಿಡಿಯುವುದು, ಬಿಚ್ಚುವುದು, ಚಕ್ಕಳದ ಮೇಲೆ ಮಸೆಯುವುದು, ಊದಿದ ಪುಗ್ಗೆಗೆ ಸಾಬೂನಿನ ನೊರೆ ಬಳಿಯುವುದು, ಪುಗ್ಗೆ ಒಡೆಯದ ಹಾಗೆ ನೊರೆ ಹೆರೆಯುವುದು, ಸೋಮವಾರಕ್ಕೆ ತನ್ನ ಮುಂಗೈಯ ರೋಮ. ಮುಂದಿನ ಮೆಟ್ಟಿಲು ಇನ್ನೊಬ್ಬರ ಚರ್ಮ. ಅಲ್ಲಿಗೆ ಕಾಲಿಡಬೇಕೆನ್ನುವಷ್ಟರಲ್ಲಿ ಮಂಗಳವಾರ. ನೀಲಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉಣ್ಣುತ್ತ ಉಣ್ಣುತ್ತ ಏಳುವನು, ಅಂಗಡಿಗೆ ಹೊರಟು ಅರ್ಧ ದಾರಿಯಿಂದ ಹೊರಳುವನು, ತೊಳೆದ ಕೈಯನ್ನೇ ಮತ್ತೆ ತೊಳೆಯುವನು.

ಯುಗಾದಿ ಕಳೆದ ಮೇಲೆ ಮಗಳು ಸಾವಂತ್ರಿ ಚೊಚ್ಚಲ ಕೂಸಿನ ಜವಳಕ್ಕೆಂದು ತವರಿಗೆ ಬಂದಳು. ಪಂಚಾಂಗ ನೋಡಿದ ಅಯ್ಯನವರು ಬುಧವಾರ ಅಂದರು.

"ಸೋಮಾರಕ್ಕ ಕೂಡಿ ಬರೂದಿಲ್ಲೇನ್ರಿ?" ಎಂದು ನೀಲಪ್ಪ ಅಂಗಲಾಚಿದ.

"ಗ್ರಹ ನಿನ್ನ ಅಂಗಡಿ ಗಿರಾಕಿ ಏನಪಾ, ನಾಳೆ ಬಾ ಅಂದ್ರ ಬರಾಕ?"

ಈರಣ್ಣ ಸೋದರಮಾವನಾಗಿ ಕೂಸನ್ನು ತೊಡೆಯ ಮೇಲೆ ಹಿಡಿಯಬೇಕಾದವನು, ಕತ್ತಿ ಹಿಡಿಯುವಂತಿರಲಿಲ್ಲ. ಸಾವಂತ್ರಿ ಅಪ್ಪನಿಗೆ ಹೇಳದೆ ಹುಬ್ಬಳ್ಳಿಯಿಂದ ಕ್ಷೌರಯಂತ್ರವನ್ನೂ ಅದನ್ನು ನಡೆಸುವವನನ್ನೂ ಗೊತ್ತುಮಾಡಿದಳು. ಹಿಂದಿನ ದಿನ ಮೆಲ್ಲಗೆ ಬಾಯಿಬಿಟ್ಟಳು. "ಅಪ್ಪಾ, ನೀ ಬಾಜೂಕ ಕುಂತು ಆಶೀರ್ವಾದ ಮಾಡು. ಅಷ್ಟಾದ್ರ ನನಗ ಸಾಕು."

ನೀಲಪ್ಪ ಗೋಡೆ ನೋಡುತ್ತ ಹೆಂಡತಿಗೆ ಅಂದ: "ನನ್ನ ಮೊಮ್ಮಗನ ಜವಳ ಯಂತ್ರ ತಗದ ಮ್ಯಾಲ ಈ ಕತ್ತಿ ಯಾಕ ಮನ್ಯಾಗ? ಹೊಳಿಗೆ ಹಾಕಿ ಬರತೀನಿ."

ಆ ಮಂಗಳವಾರವೇ ಸೂರ್ಯನ ಮೈಯಿಂದ ಕಾಂತಬಿರುಗಾಳಿ ಎದ್ದು ಉಪಗ್ರಹಗಳು ಮೂಕವಾದವು. ಮೂಲಕೇಂದ್ರ ಎಲ್ಲರ ಎಣಿಕೆಯನ್ನೂ ಕಳೆದುಕೊಂಡಿತು. ನೀಲಪ್ಪನಿಗೆ ಇದು ಗೊತ್ತಾಗಲಿಲ್ಲ. ಬುಧವಾರ ಅವನ ಪಟ್ಟಿ ಎಂದಿನಂತೆ ಆರಿತ್ತು. ದನಿ ಬಾರದಿದ್ದಾಗ, ಅದಕ್ಕೂ ತನ್ನ ಬಗ್ಗೆ ಬೇಸರ ಬಂತೆಂದುಕೊಂಡು, ಮುಚ್ಚಿದ ಕತ್ತಿಯನ್ನು ತಾನೇ ಅಂಗೈಯಲ್ಲಿ ಹಿಡಿದ.

ಹೊತ್ತೇರಿದರೂ ಬಸ್ಸಿನ ಸಪ್ಪಳವಿಲ್ಲ, ಶಾಲೆಯ ಗಂಟೆಯಿಲ್ಲ. ಯಂತ್ರದವನು ಫೋನಿನಲ್ಲಿ ಅಳುದನಿಯಲ್ಲಿ, "ಮಣಿ ಎಲ್ಲಾ ಆರ್ಯಾವರಿ ಅಕ್ಕಾರ, ನನ್ನ ಕೈಲೆ ಆಗೂದಿಲ್ಲ," ಎಂದು ಇಟ್ಟುಬಿಟ್ಟ. ಶ್ರೀಕರರು ತಲೆ ಬಾಚದೆ ಬಂದು ಕಟ್ಟೆಯ ಮೇಲೆ ಕುಸಿದರು. ಮೊಳಕೈವರೆಗಿನ ಮಣಿಗಳೆಲ್ಲ ಆರಿ, ಕೇಂದ್ರಕ್ಕೆ ಒಂದು ಮಾತು ಕೇಳುವ ಧೈರ್ಯವೂ ಅವರಲ್ಲಿ ಉಳಿದಿರಲಿಲ್ಲ.

ಮುಹೂರ್ತ ಮೀರುತ್ತಿತ್ತು. ಸಾವಂತ್ರಿ ಯಾರ ಮುಖವನ್ನೂ ನೋಡಲಿಲ್ಲ. ನೀಲಪ್ಪ ಹಿತ್ತಲಿಗೆ ಹೋದ, ಬಂದ, ಮತ್ತೆ ಹೋದ. ಕತ್ತಿ ಬಿಚ್ಚಿದ. ಚಕ್ಕಳಕ್ಕೆ ಮಸೆದ. ಹಂದರಕ್ಕೆ ಕಟ್ಟಿದ್ದ ಪುಗ್ಗೆಯೊಂದನ್ನು ಕಿತ್ತು ನೊರೆ ಬಳಿದ.

"ಕೂಸಿನ ಪುಗ್ಗಾ ಯಾಕ್ರಿ ಹಾಳ ಮಾಡತೀರಿ?" ಅಂದಳು ಗುರುಸಿದ್ಧವ್ವ.

ಪುಗ್ಗೆ ಒಡೆಯಲಿಲ್ಲ. ಮುಂಗೈಯ ರೋಮ ಹೆರೆದ. ವಾರವೆಲ್ಲ ಏರುತ್ತಿದ್ದ ಮೆಟ್ಟಿಲುಗಳನ್ನು ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಏರಿ ಬಂದು, ಸೋದರಮಾವ ಈರಣ್ಣನ ತೊಡೆಯ ಮೇಲಿದ್ದ ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಲಿ ಗಟ್ಟ್ಯಾಗಿ ಹಿಡಿಲೇ."

"ಅಪ್ಪಾ, ನಿನ್ನ ಕೈ ನಡಗಾಕತ್ತೈತಿ."

"ನನಗ ಗೊತ್ತೈತಿ. ನೀ ಹಿಡಿ."

ನೆತ್ತಿಯ ಮೆತ್ತನೆಯ ಬಡಿತ ಬೆರಳಿಗೆ ತಾಗಿತು. ಕೂಸು ಊರು ಒಂದಾಗುವಂತೆ ಅತ್ತಿತು, ಒದ್ದಿತು, ತಾತನ ಮೀಸೆ ಹಿಡಿದೆಳೆಯಿತು. ಎಳೆದಾಗ ಕತ್ತಿ ನಿಂತಿತು; ಬಿಟ್ಟಾಗ ಮುಂದುವರಿಯಿತು. ಕೊನೆಯ ಎಳೆ ಬಿದ್ದಾಗ ಸಾವಂತ್ರಿ ಆ ಬೋಳುತಲೆಯನ್ನು ಅಂಗೈಯಿಂದ ಪೂರ್ತಿ ತಡವಿ ನೋಡಿದಳು. ಎಲ್ಲಿಯೂ ಕೆಂಪಿರಲಿಲ್ಲ. ಆಮೇಲೆ ಅಪ್ಪನ ಹೆಗಲಿಗೆ ಹಣೆ ಇಟ್ಟಳು.

ಶ್ರೀಕರರು ಎದ್ದು ಬಂದಿದ್ದರು. "ಒಂದೂ ಮಣಿ ಇಲ್ಲದ ಹೆಂಗ ಮಾಡಿದ್ರಿ?"

"ಬುಧವಾರ ನನಗ ಯಾವಾಗರೆ ಮಣಿ ಇದ್ದೂವೇನ್ರಿ?" ಎಂದು ನೀಲಪ್ಪ ನಕ್ಕ. ಶ್ರೀಕರರು ನಗಲಿಲ್ಲ.

ಅವರು ಓಣಿ ಓಣಿ ತಿರುಗಿದರು. ಸರಣಿ ತಪ್ಪದವರ ಮನೆಗಳ ಬಾಗಿಲು ಹಾಕಿದ್ದವು. ಮಗ್ಗಗಳು ಮಾತ್ರ ಲಟಪಟ ಎನ್ನುತ್ತಿದ್ದವು. ಹೊಲದ ಕಡೆಗೆ ಎತ್ತುಗಳು ಹೋಗುತ್ತಿದ್ದವು. ಹಡಪದರ ಅಂಗಡಿಗಳು ತೆರೆದಿದ್ದವು. ಫಲವಿಲ್ಲದವರೆಂದು ಬರೆದಿಟ್ಟವರಷ್ಟೇ ಕೆಲಸಕ್ಕೆ ಬಂದಿದ್ದರು. ಎಲ್ಲರೂ ಮುಂದೆ ಹೋಗುವ ಹಾದಿಯನ್ನು ಸವೆಸಿದ್ದರೆ, ಇವರು ಬಿದ್ದಲ್ಲಿಂದ ಏಳುವ ಹಾದಿಯನ್ನೂ ಸವೆಸಿಕೊಂಡಿದ್ದರು. ಪಟ್ಟಿ ಅದನ್ನು ಎಣಿಸಿರಲೇ ಇಲ್ಲ.

ಇದನ್ನು ಕೇಂದ್ರದ ದೊಡ್ಡವರ ಮುಂದೆ ನಿಂತು ಹೇಳಬೇಕಿತ್ತು, ಅದೂ ಒಂದೂ ಮಣಿಯಿಲ್ಲದ ಬರಿಗೈಯಲ್ಲಿ. ಗುರುವಾರ ಶ್ರೀಕರರು ಪೆಟ್ಟಿಗೆ ಹಿಡಿದು ಹೊರಟು ಸ್ಟೇಷನ್ನಿನ ದಾರಿಯಿಂದಲೇ ತಿರುಗಿ ಬಂದರು.

"ಬಂದ್ರಿ? ರೊಟ್ಟಿ ಬಿಸಿ ಅದಾವು," ಅಂದಳು ಗುರುಸಿದ್ಧವ್ವ.

ಶುಕ್ರವಾರ ಪ್ಲಾಟ್‌ಫಾರ್ಮಿನವರೆಗೆ ಹೋದರು. ರೈಲು ಹೋಯಿತು, ಅವರು ಉಳಿದರು. ಶನಿವಾರ ಡಬ್ಬಿಯೊಳಗೆ ಕೂತು, ರೈಲು ಸಿಳ್ಳು ಹಾಕಿದೊಡನೆ ಇಳಿದುಬಿಟ್ಟರು. ಆ ಸಂಜೆ ನೀಲಪ್ಪ ಅವರನ್ನು ಏನೂ ಕೇಳದೆ ಕುರ್ಚಿಯಲ್ಲಿ ಕೂರಿಸಿ, ಬೆಳೆದ ಗಡ್ಡ ತೆಗೆದ.

ರವಿವಾರ ಹೋದರು.